ನಲ್ಲಿ ಬದಲಿಸುವ ಮುನ್ನ ನೀರಿನ ದಾರಿ ನೋಡಿ

ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಲ್ಲಿ ನೀರಿಗೆ ಬರವಿಲ್ಲ. ಹಳ್ಳ, ಕೆರೆ, ಬಾವಿ, ಗದ್ದೆ ಎಲ್ಲ ತುಂಬಿ ನಿಂತಿರುತ್ತವೆ. ಆದರೂ ಮನೆಯೊಳಗೆ ನೀರು ಕೈಕೊಡುವುದು ಇದೇ ಮಳೆಗಾಲದಲ್ಲಿ. ಗಾಳಿಗೆ ಮರ ಬಿದ್ದು ಲೈನ್ ತುಂಡಾದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ, ಮೋಟಾರ್ ಓಡುವುದಿಲ್ಲ. ಟ್ಯಾಂಕಿನಲ್ಲಿ ಉಳಿದಷ್ಟೇ ನೀರಿನಲ್ಲಿ ಅಡುಗೆ, ಸ್ನಾನ, ದನಕರು ಎಲ್ಲ ಸಾಗಬೇಕು. ಅಂಥ ಹೊತ್ತಿನಲ್ಲಿ ಬಚ್ಚಲಿನ ನಲ್ಲಿಯೊಂದು ಸದ್ದಿಲ್ಲದೆ ಸೋರುತ್ತಿದ್ದರೆ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ತಳ ಕಂಡಿರುತ್ತದೆ.

ಸೋರಿಕೆ ಎಷ್ಟೆಂದು ಅಳೆಯಲು ಒಂದು ಲೀಟರಿನ ಪಾತ್ರೆ ಸಾಕು. ಸೆಕೆಂಡಿಗೆ ಒಂದು ಹನಿ ಬಿದ್ದರೆ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ, ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಹನಿ ಹೋಗಿ ದಾರದಂತೆ ಹರಿಯತೊಡಗಿ, ಪಾತ್ರೆ 10 ನಿಮಿಷಕ್ಕೆ ತುಂಬಿದರೆ ದಿನಕ್ಕೆ 144 ಲೀಟರ್. 500 ಲೀಟರಿನ ಟ್ಯಾಂಕ್ ಮೂರೂವರೆ ದಿನದಲ್ಲಿ ಖಾಲಿ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತು ಮಾಡಿರುವುದು 55 ಲೀಟರ್. ಅಂದರೆ ಆ ಒಂದು ನಲ್ಲಿ ಇಬ್ಬರ ಪಾಲಿಗಿಂತ ಹೆಚ್ಚಿನ ನೀರನ್ನು ಮೋರಿಗೆ ಬಿಡುತ್ತಿದೆ.

ಇಷ್ಟಾದರೂ ನಾವು ಪ್ಲಂಬರ್ ಬರಲಿ ಎಂದು ವಾರಗಟ್ಟಲೆ ಕಾಯುತ್ತೇವೆ. ಅವರಿಗೂ ದೂರದ ತೋಟದ ಮನೆಗೆ ಒಂದು ನಲ್ಲಿಗಾಗಿ ಬಂದುಹೋಗುವುದು ಕಷ್ಟ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲದಲ್ಲಿ ಪೈಪು ಜೋಡಿಸಿ, ವಾಷರ್ ಬದಲಿಸಿ, ಪಂಪಿನ ಫುಟ್‌ವಾಲ್ವ್ ಬಿಚ್ಚಿ ಸ್ವಚ್ಛ ಮಾಡುವ ಕೈಗಳು ನಮ್ಮಲ್ಲಿ ಮನೆಮನೆಯಲ್ಲೂ ಇವೆ. ಆ ಕೈಗಳಿಗೆ ಅಡುಗೆಮನೆಯ ನಲ್ಲಿ ದೊಡ್ಡ ಮಾತಲ್ಲ. ತಿಳಿದಿರಬೇಕಾದದ್ದು ಮುಖ್ಯವಾಗಿ ಒಂದೇ: ಈ ನಲ್ಲಿಗೆ ನೀರು ಎಲ್ಲಿಂದ, ಎಷ್ಟು ಒತ್ತಡದಲ್ಲಿ ಬರುತ್ತದೆ, ಅದನ್ನು ಎಲ್ಲಿ ನಿಲ್ಲಿಸಬಹುದು. ಅದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ವಾಷರ್ ಸಾಕೆ, ನಲ್ಲಿಯೇ ಬೇಕೆ?

ಮೊದಲು ನೀರು ಎಲ್ಲಿಂದ ಸೋರುತ್ತಿದೆ ಎಂದು ಬಟ್ಟೆಯಲ್ಲಿ ಒರೆಸಿ ನೋಡಿ. ಬಾಯಿಂದ ತೊಟ್ಟಿಕ್ಕುತ್ತಿದ್ದರೆ ಒಳಗಿನ ವಾಷರ್ ಅಥವಾ ಕಾರ್ಟ್ರಿಡ್ಜ್ ಸವೆದಿದೆ. ಹಿಡಿಯ ಬುಡದಿಂದ ಒಸರುತ್ತಿದ್ದರೆ ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್ ಅಥವಾ ಓ-ರಿಂಗ್ ಹೋಗಿದೆ. ಗೋಡೆಯ ಬುಡದಲ್ಲಿ ತೇವವಿದ್ದರೆ ಥ್ರೆಡ್‌ಗೆ ಸುತ್ತಿದ ಟೇಪ್ ಸಡಿಲಾಗಿದೆ. ನಲ್ಲಿ ಚೆನ್ನಾಗಿಯೇ ಇರಬಹುದು, ಬಿಚ್ಚಿ ಹೊಸ ಟೇಪ್ ಸುತ್ತಿದರೆ ಸರಿಯಾಗುತ್ತದೆ. ನಲ್ಲಿಯ ಮೈಯಲ್ಲೇ ಸೀಳು ಬಿಟ್ಟಿದ್ದರೆ, ಥ್ರೆಡ್ ಸವೆದಿದ್ದರೆ ಅಥವಾ ವಾಷರ್ ಹೊಸದು ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಮಾತ್ರ ಹೊಸ ನಲ್ಲಿ ತನ್ನಿ.

ಹಲವು ಸುತ್ತು ತಿರುಗಿಸಿ ತೆಗೆಯುವ ಹಳೆಯ ಹಿತ್ತಾಳೆ ನಲ್ಲಿಯ ಗುಣವೇ ರಿಪೇರಿಗೆ ಒಗ್ಗುವುದು. ಇಂಗ್ಲೆಂಡಿನ ರಾದರ್‌ಹ್ಯಾಮ್‌ನ ಗೆಸ್ಟ್ ಅಂಡ್ ಕ್ರೈಮ್ಸ್ ಕಂಪನಿ 1845ರಲ್ಲಿ ಪೇಟೆಂಟ್ ಪಡೆದ ಮಾದರಿ ಅದು. ತಿರುಪಿನ ತುದಿಯಲ್ಲಿ ಒಂದು ವಾಷರ್, ಅದು ಕೆಳಗಿನ ರಂಧ್ರಕ್ಕೆ ಒತ್ತಿ ಕೂರುತ್ತದೆ, ಅಷ್ಟೆ. ನೀರು ನಿಲ್ಲಿಸಿ, ಮೇಲಿನ ಹೆಡ್ ಬಿಚ್ಚಿ, ಸ್ಪಿಂಡಲ್ ಎತ್ತಿ, ತುದಿಯ ರಬ್ಬರ್ ವಾಷರ್ ಬದಲಿಸಿದರೆ ನಲ್ಲಿ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. ಅಜ್ಜನ ಕಾಲದ ಗಟ್ಟಿ ಹಿತ್ತಾಳೆ ನಲ್ಲಿ ನಿಮ್ಮ ಬಚ್ಚಲಿನಲ್ಲಿದ್ದರೆ ಹತ್ತು ರೂಪಾಯಿಯ ವಾಷರಿಗಾಗಿ ಅದನ್ನು ಗುಜರಿಗೆ ಹಾಕಬೇಡಿ.

ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಗಳೊಳಗೆ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಶುದ್ಧ ನೀರಿನಲ್ಲಿ ಇವು ಬಹಳ ಕಾಲ ಬಾಳುತ್ತವೆ. ಹಳ್ಳದ ನೀರಿನ ಮರಳು ಒಳಹೊಕ್ಕರೆ ಬಿಲ್ಲೆಗಳ ನಡುವೆ ಗೀರು ಬೀಳುತ್ತದೆ, ಸೋರಿಕೆ ಶುರುವಾಗುತ್ತದೆ. ಆಗ ಬಿಲ್ಲೆಗಳಿರುವ ಕಾರ್ಟ್ರಿಡ್ಜ್ ಒಂದನ್ನೇ ಬದಲಿಸಬಹುದು, ಆದರೆ ಅದೇ ಕಂಪನಿಯ ಅದೇ ಮಾದರಿಯದೇ ಸಿಗಬೇಕು.

ಟ್ಯಾಂಕ್, ಗುಡ್ಡ, ಪಂಚಾಯಿತಿ

ನಮ್ಮ ಕಡೆಯ ಮನೆಗಳಿಗೆ ನೀರು ಸಾಮಾನ್ಯವಾಗಿ ಮೂರು ದಾರಿಯಲ್ಲಿ ಬರುತ್ತದೆ. ಬಾವಿ ಅಥವಾ ಬೋರಿನಿಂದ ಟ್ಯಾಂಕಿಗೆ ಏರಿ, ಅಲ್ಲಿಂದ ಇಳಿಯುವುದು ಒಂದು. ಗುಡ್ಡದ ಮೇಲಿನ ಝರಿಯಿಂದ ಕಪ್ಪು ಪೈಪಿನಲ್ಲಿ ತಾನಾಗಿ ಹರಿದು ಬರುವುದು ಇನ್ನೊಂದು. ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಅಂಗಳಕ್ಕೆ ಬಂದಿರುವ ಪಂಚಾಯಿತಿ ನಲ್ಲಿ ಮೂರನೆಯದು. ಒಂದೇ ನಲ್ಲಿ ಮೂರಕ್ಕೂ ಹೊಂದುವುದಿಲ್ಲ.

ಲೆಕ್ಕ ಸುಲಭ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಹೆಂಚಿನ ಮನೆಯ ಪಕ್ಕದ ಕಟ್ಟೆಯ ಮೇಲೆ ಟ್ಯಾಂಕ್ ಕೂರಿಸಿ, ನೀರು ನಲ್ಲಿಗಿಂತ 2 ಮೀಟರ್ ಮಾತ್ರ ಎತ್ತರದಲ್ಲಿದ್ದರೆ ಒತ್ತಡ ಒಂದು ಕಿಲೋದ ಐದನೇ ಒಂದು ಭಾಗ. ಅಲ್ಲಿಗೆ ಸಣ್ಣ ದಾರಿಯ, ಬಾಯಿಗೆ ನುಣ್ಣನೆಯ ಜಾಲರಿ ಇರುವ ಅಂದದ ನಲ್ಲಿ ತಂದು ಹಾಕಿದರೆ ನೀರು ಬೆರಳಿನಷ್ಟೂ ಬರುವುದಿಲ್ಲ. ಹೊಸ ನಲ್ಲಿ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವವರಲ್ಲಿ ಅನೇಕರ ಕಷ್ಟ ಇದೇ. ಕೆಳಮಟ್ಟದ ಟ್ಯಾಂಕಿಗೆ ಅಗಲ ದಾರಿಯ ಸಾದಾ ನಲ್ಲಿಯೇ ಒಳ್ಳೆಯದು.

ಗುಡ್ಡದ ನೀರಿನ ಕಥೆ ಇದಕ್ಕೆ ವಿರುದ್ಧ. ಝರಿಯ ಮೂಲ ಮನೆಗಿಂತ 40 ಮೀಟರ್ ಮೇಲಿದ್ದು ಪೈಪು ನೇರ ನಲ್ಲಿಗೆ ಸೇರಿದ್ದರೆ ನಲ್ಲಿ ಮುಚ್ಚಿದಾಗ ಒತ್ತಡ ನಾಲ್ಕು ಕಿಲೋ. ಕಾಲು ಸುತ್ತಿನ ನಲ್ಲಿಯನ್ನು ಫಕ್ಕನೆ ಮುಚ್ಚಿದರೆ ಹರಿಯುತ್ತಿದ್ದ ನೀರು ಒಮ್ಮೆಲೇ ತಡೆದು ಪೈಪಿಗೆ ಬಡಿಯುತ್ತದೆ. ತೋಟದ ಮಧ್ಯೆ ಎಲ್ಲೋ ಜಾಯಿಂಟ್ ಕಿತ್ತು ಬರುತ್ತದೆ. ಇಂಥ ಲೈನಿಗೆ ಸುತ್ತು ಸುತ್ತಾಗಿ ನಿಧಾನ ಮುಚ್ಚುವ ಹಳೆಯ ಮಾದರಿಯ ನಲ್ಲಿ ಲೇಸು. ಅದಕ್ಕೂ ಮೇಲು, ಮನೆಯ ಹತ್ತಿರ ಒಂದು ಟ್ಯಾಂಕ್ ಇಟ್ಟು, ಹೆಚ್ಚಾದ ನೀರು ಹರಿದುಹೋಗಲು ದಾರಿ ಬಿಟ್ಟು, ಅಲ್ಲಿಂದ ಮನೆಗೆ ಪೈಪು ಎಳೆಯುವುದು. ಮಳೆಗಾಲದ ಕೆಂಪು ರಾಡಿ, ಎಲೆ, ಮರಳು ಎಲ್ಲ ಟ್ಯಾಂಕಿನ ತಳದಲ್ಲೇ ಉಳಿಯುತ್ತವೆ.

ಪಂಚಾಯಿತಿ ನಲ್ಲಿಯಾದರೆ ನೀರು ಬಿಡುವ ಹೊತ್ತನ್ನು ನೀರುಗಂಟಿಯವರಲ್ಲಿ ಕೇಳಿಕೊಂಡು, ಲೈನ್ ಖಾಲಿ ಇರುವಾಗ ಬದಲಿಸಿ. ಮೀಟರ್ ಇದ್ದರೆ ಅದರ ಹಿಂದಿನ ಜೋಡಣೆಗೆ ಕೈ ಹಾಕಬೇಡಿ.

ಅಂಗಡಿಗೆ ಹೋಗುವ ಮುನ್ನ

ಮೂಡಿಗೆರೆಗೆ ಎರಡು ಸಲ ಓಡಾಡುವುದನ್ನು ತಪ್ಪಿಸಲು ಹಳೆಯ ನಲ್ಲಿಯ ಫೋಟೊ ತೆಗೆದುಕೊಳ್ಳಿ: ಎದುರಿನಿಂದ, ಪಕ್ಕದಿಂದ, ಸಿಂಕಿನ ಕೆಳಗಿನಿಂದ. ನಲ್ಲಿಯ ಬಾಯಿ ಗೋಡೆಯಿಂದ ಎಷ್ಟು ಮುಂದಿದೆ, ಸಿಂಕಿನಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಕಡುಬು ಬೇಯಿಸುವ ದೊಡ್ಡ ಪಾತ್ರೆಯನ್ನು ಅದರ ಕೆಳಗೆ ಹಿಡಿದು ನೋಡಿ. ಈಗ ಹಿಡಿಸದಿದ್ದರೆ ಎತ್ತರದ ಬಾಯಿಯದನ್ನು ಕೇಳಲು ಇದೇ ಸಮಯ.

ಅಂಗಡಿಯವರ ಮಾತಿನಲ್ಲಿ ಗೋಡೆಯಿಂದ ನೇರ ಬರುವ ಸಾದಾ ನಲ್ಲಿ ‘ಬಿಬ್ ಕಾಕ್’. ಬಕೆಟಿಗೆ ಅನುಕೂಲವಾಗಲೆಂದು ಉದ್ದ ಮಾಡಿದ್ದು ‘ಲಾಂಗ್ ಬಾಡಿ’. ವಾಷ್‌ಬೇಸಿನ್ ಮೇಲೆ ನಿಲ್ಲುವುದು ‘ಪಿಲ್ಲರ್ ಕಾಕ್’. ಬಾಯಿ ಅತ್ತಿತ್ತ ತಿರುಗುವುದು ‘ಸಿಂಕ್ ಕಾಕ್’. ಬೇಸಿನ್ ಕೆಳಗೆ ಗೋಡೆಯಲ್ಲಿರುವ ಪುಟ್ಟ ವಾಲ್ವ್ ‘ಆ್ಯಂಗಲ್ ಕಾಕ್’.

ಮನೆಯ ನಲ್ಲಿಗಳು ಹೆಚ್ಚಾಗಿ ಅರ್ಧ ಇಂಚಿನವು, ಅಂದರೆ 15 ಮಿ.ಮೀ. ಇಲ್ಲಿ ಬಹಳ ಜನ ಎಡವುತ್ತಾರೆ. ಥ್ರೆಡ್‌ನ ಹೊರ ಅಳತೆ ಹಿಡಿದರೆ ಸ್ಕೇಲು ಸುಮಾರು 21 ಮಿ.ಮೀ. ತೋರಿಸುತ್ತದೆ, ಮುಕ್ಕಾಲು ಇಂಚಿನದೆಂದು ತಿಳಿದು ತಪ್ಪು ನಲ್ಲಿ ತರುತ್ತಾರೆ. 21 ಬಂದರೆ ಅದು ಅರ್ಧ ಇಂಚು, ಸುಮಾರು 26 ಬಂದರೆ ಮುಕ್ಕಾಲು. ಹೆಸರಿನ ಅಳತೆ ಪೈಪಿನ ಒಳದಾರಿಯದು.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಚಂದದ ನಲ್ಲಿ ತಂದಿದ್ದರೆ ಎಚ್ಚರ. ಅಲ್ಲಿಯ ಪೈಪಿನ ಥ್ರೆಡ್ 60 ಡಿಗ್ರಿ ಕೋನದ್ದು, ಭಾರತದಲ್ಲಿ ನಾವು ಬಳಸುವ ಬಿಎಸ್‌ಪಿ 55 ಡಿಗ್ರಿಯದು. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು ಇರುವುದರಿಂದ ಮೊದಲ ಕೆಲವು ಸುತ್ತು ಕೂತಂತೆ ತೋರುತ್ತದೆ, ಆಮೇಲೆ ಕಚ್ಚಿಕೊಂಡು ಸೋರುತ್ತದೆ. ಸರಿಯಾದ ಅಡಾಪ್ಟರ್ ಸಿಗದೆ ಅದನ್ನು ಬಲವಂತವಾಗಿ ತುರುಕಬೇಡಿ.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಹಳೆಯ ಮಾದರಿಯ ತಿರುಪಿನ ನಲ್ಲಿಗೆ ಐಎಸ್ 781, ಕ್ರೋಮ್ ಹೊಳಪಿನ ಹಿತ್ತಾಳೆ ನಲ್ಲಿಗೆ ಐಎಸ್ 8931, ಪ್ಲಾಸ್ಟಿಕ್ ನಲ್ಲಿಗೆ ಐಎಸ್ 9763. ಕೈಯಲ್ಲಿ ಹಿಡಿದು ತೂಕ ನೋಡಿ. ಹಿತ್ತಾಳೆ ಭಾರ ಇರುತ್ತದೆ, ಹಗುರ ಲೋಹಕ್ಕೆ ಹೊಳಪು ಕೊಟ್ಟದ್ದು ಬೇಗ ತಿಳಿಯುತ್ತದೆ. ಯಾವ ಕಂಪನಿಯದಾದರೂ ಸರಿ, ಅದರ ಕಾರ್ಟ್ರಿಡ್ಜ್ ಈ ಅಂಗಡಿಯಲ್ಲೇ ಸಿಗುತ್ತದೆಯೇ ಎಂದು ಕೇಳಿ. ಸಿಗುವುದಿಲ್ಲವೆಂದರೆ ಎಷ್ಟೇ ಅಂದವಿದ್ದರೂ ಬಿಡಿ.

ಕೈಗೆ ಬೇಕಾದ ಸಾಮಾನು

ಒಂದು ಅಡ್ಜಸ್ಟೆಬಲ್ ಸ್ಪ್ಯಾನರ್, ಒಂದು ಪೈಪ್ ರೆಂಚ್, ಒಂದೆರಡು ಸುರುಳಿ ಟೆಫ್ಲಾನ್ ಟೇಪ್, ಹಳೆಯ ಹಲ್ಲುಜ್ಜುವ ಬ್ರಶ್, ಬಟ್ಟೆ, ಬಕೆಟ್, ಟಾರ್ಚ್. ಇದರ ಜೊತೆಗೆ ಅರ್ಧ ಇಂಚಿನ ಎಂಡ್ ಪ್ಲಗ್ ಎರಡನ್ನು ತಪ್ಪದೆ ತಂದಿಡಿ. ಹೊಸ ನಲ್ಲಿ ಹೊಂದದೆ ಹೋದರೆ, ಕೆಲಸದ ನಡುವೆ ಕತ್ತಲಾದರೆ, ಆ ರಂಧ್ರಕ್ಕೆ ಪ್ಲಗ್ ತಿರುಗಿಸಿ ಮನೆಯ ಉಳಿದ ನಲ್ಲಿಗಳಿಗೆ ನೀರು ಬಿಡಬಹುದು. ಪುಡಿಗಾಸಿನ ಈ ವಸ್ತು ಮನೆಯಲ್ಲಿದ್ದರೆ ಕೆಲಸ ನಿಂತರೂ ಮನೆಯವರು ಕಷ್ಟಪಡಬೇಕಿಲ್ಲ.

ನೀರು ನಿಲ್ಲಿಸಿ, ಹಳೆಯದನ್ನು ಬಿಚ್ಚಿ

ಬೆಳಗ್ಗೆಯೇ, ಅಂಗಡಿ ತೆರೆದಿರುವ ದಿನ ಕೆಲಸ ಹಿಡಿಯಿರಿ. ಕುಡಿಯಲು, ಅಡುಗೆಗೆ ನೀರು ಹಿಡಿದಿಟ್ಟುಕೊಳ್ಳಿ. ಆ ನಲ್ಲಿಯ ಲೈನಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರು ಪೂರ್ತಿ ನಿಂತದ್ದನ್ನು ನೋಡಿಕೊಳ್ಳಿ.

ಹಳೆಯ ಮನೆಗಳಲ್ಲಿ ವಾಲ್ವೇ ಇರುವುದಿಲ್ಲ, ಇದ್ದರೂ ತುಕ್ಕು ಹಿಡಿದು ತಿರುಗುವುದಿಲ್ಲ. ಜಗ್ಗಿ ಮುರಿಯಬೇಡಿ. ಟ್ಯಾಂಕಿನ ಒಳಗಿನಿಂದ ನೀರು ಹೊರಡುವ ರಂಧ್ರಕ್ಕೆ ಬಟ್ಟೆ ಸುತ್ತಿದ ಮರದ ಬಿರಡೆ ಒತ್ತಿ, ಅದು ಪೈಪಿನೊಳಗೆ ಸೇರಿಹೋಗದಂತೆ ಗಟ್ಟಿ ಹಗ್ಗ ಕಟ್ಟಿ ಹೊರಗೆ ಬಿಡಿ. ಟ್ಯಾಂಕಿನ ಬಳಿ ಹತ್ತಲು ಕೈಗೆ ಆಸರೆ ಇಲ್ಲದಿದ್ದರೆ, ಪಾಚಿ ಹಿಡಿದಿದ್ದರೆ ಹತ್ತಲೇ ಬೇಡಿ. ಟ್ಯಾಂಕ್ ಖಾಲಿಯಾಗುವವರೆಗೆ ಕಾಯಿರಿ. ನಲ್ಲಿ ಬದಲಿಸುವಾಗಲೇ ಒಂದು ಬಾಲ್ ವಾಲ್ವ್ ಹಾಕಿಸಿಕೊಂಡರೆ ಮುಂದಿನ ಸಲ ಈ ಪಾಡಿಲ್ಲ.

ನಲ್ಲಿಯನ್ನು ನಿಮ್ಮ ಎಡಗೈ ಕಡೆಗೆ, ಗಡಿಯಾರಕ್ಕೆ ವಿರುದ್ಧವಾಗಿ ತಿರುಗಿಸಿ. ಬಿಗಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಗೋಡೆಯ ಹೊರಗೆ ಕಬ್ಬಿಣದ ಪೈಪು ಕಾಣುತ್ತಿದ್ದರೆ ಅದನ್ನು ಒಂದು ರೆಂಚಿನಲ್ಲಿ ಹಿಡಿದುಕೊಂಡು ಇನ್ನೊಂದರಲ್ಲಿ ನಲ್ಲಿ ತಿರುಗಿಸಿ. ನಲ್ಲಿಯ ಜೊತೆಗೇ ಗೋಡೆಯೊಳಗಿನ ಪೈಪಿನ ತಿರುವು, ಅಂದರೆ ಎಲ್ಬೊ, ತಿರುಗಿದಂತೆ ಅನ್ನಿಸಿದರೆ, ಸುತ್ತಲಿನ ಗಾರೆ ಬಿರುಕು ಬಿಟ್ಟರೆ ಅಲ್ಲೇ ನಿಲ್ಲಿಸಿ. ಒಳಗೆ ಸೋರತೊಡಗಿದರೆ ಗೋಡೆ ಒಡೆಯಬೇಕಾಗುತ್ತದೆ. ಮಣ್ಣಿನ ಗೋಡೆಯ ಮನೆಗಳಿಗೆ ಅದು ದೊಡ್ಡ ಹಾನಿ.

ನಲ್ಲಿ ಬಂದ ಮೇಲೆ ಒಳಗಿನ ಥ್ರೆಡ್‌ನಲ್ಲಿ ಉಳಿದ ಹಳೆಯ ಟೇಪು, ದಾರ, ತುಕ್ಕನ್ನು ಬ್ರಶ್‌ನಿಂದ ತೆಗೆಯಿರಿ. ಈಗ ಬಕೆಟ್ ಹಿಡಿದು, ಇನ್ನೊಬ್ಬರಿಗೆ ಹೇಳಿ ವಾಲ್ವನ್ನು ಎರಡು ಕ್ಷಣ ತೆರೆಸಿ. ಕಂದು ನೀರು, ಮರಳು, ಕೆಲವೊಮ್ಮೆ ಎಲೆಯ ಚೂರು ಹೊರಬೀಳುತ್ತವೆ. ಪೈಪಿನಲ್ಲಿ ಕೂತಿದ್ದ ಈ ಕಸ ಹೊಸ ನಲ್ಲಿಯ ಸೆರಾಮಿಕ್ ಬಿಲ್ಲೆಗೆ ಮೊದಲ ದಿನವೇ ಗೀರು ಹಾಕುವುದನ್ನು ತಪ್ಪಿಸಲು ಇದೊಂದೇ ಉಪಾಯ.

ಟೇಪ್ ಸುತ್ತುವ ಬಗೆ

ನಲ್ಲಿ ಸೋರದಂತೆ ಕೂರುವುದು ಇಲ್ಲಿ ತೀರ್ಮಾನವಾಗುತ್ತದೆ. ನಲ್ಲಿಯ ಥ್ರೆಡ್ ಒಣಗಿರಬೇಕು. ಥ್ರೆಡ್‌ನ ತುದಿ ನಿಮ್ಮ ಮುಖದ ಕಡೆಗಿರಲಿ. ಮೊದಲ ಒಂದು ಸುತ್ತನ್ನು ಬರಿದಾಗಿ ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ನಲ್ಲಿ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹೊರಗೆ ಮುದ್ದೆಯಾಗುತ್ತದೆ. ನಮ್ಮಲ್ಲಿ ಸಿಗುವ ತೆಳು ಬಿಳಿ ಟೇಪಾದರೆ ಹತ್ತರಿಂದ ಹದಿನೈದು ಸುತ್ತು ಬೇಕು. ಒಂದೇ ಕಡೆ ಗುಡ್ಡೆ ಹಾಕದೆ ಸಮನಾಗಿ ಹರಡಿ, ಕೊನೆಗೆ ಹೆಬ್ಬೆರಳಿನಿಂದ ಒತ್ತಿ ಸವರಿದರೆ ಥ್ರೆಡ್‌ನ ಏರುತಗ್ಗು ಟೇಪಿನ ಮೇಲೆ ಮೂಡಿ ಕಾಣಬೇಕು.

ಗೋಡೆಗೆ ಮುಚ್ಚುವ ತಟ್ಟೆಯನ್ನು ಮೊದಲೇ ನಲ್ಲಿಗೆ ಏರಿಸಿ. ಆಮೇಲೆ ಕೈಯಿಂದಲೇ ಶುರು ಮಾಡಿ. ಮೊದಲ ಮೂರು ನಾಲ್ಕು ಸುತ್ತು ರೆಂಚು ಮುಟ್ಟಬೇಡಿ. ವಾರೆಯಾಗಿ ಕಚ್ಚಿದರೆ ಕೈಗೇ ತಿಳಿಯುತ್ತದೆ, ಹಿಂದೆ ತೆಗೆದು ಮತ್ತೆ ಕೂರಿಸಿ. ಕೈಗೆ ಬಿಗಿಯಾದ ಮೇಲೆ, ಹೊಳಪು ಕೆಡದಂತೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು. ಗೋಡೆಯೊಳಗೆ ಪ್ಲಾಸ್ಟಿಕ್ ಎಲ್ಬೊ ಇದ್ದರೆ ಇನ್ನೂ ಮೆಲ್ಲಗೆ. ಅತಿಯಾಗಿ ಬಿಗಿದರೆ ಅದು ಸೀಳುತ್ತದೆ.

ನಲ್ಲಿಯ ಬಾಯಿ ನೇರ ಕೆಳಗೆ ಬರುವ ಮುನ್ನವೇ ಬಿಗಿಯಾಗಿಬಿಟ್ಟರೆ, ಅಥವಾ ಕೆಳಗೆ ಬಂದರೂ ಇನ್ನೂ ಸಡಿಲ ಅನ್ನಿಸಿದರೆ ಪೂರ್ತಿ ಬಿಚ್ಚಿ, ಟೇಪು ಕಡಿಮೆ ಅಥವಾ ಹೆಚ್ಚು ಮಾಡಿ ಮತ್ತೆ ಹಾಕಿ. ಬಿಗಿದದ್ದನ್ನು ನೇರ ಮಾಡಲೆಂದು ಸ್ವಲ್ಪವೇ ಹಿಂದಕ್ಕೆ ತಿರುಗಿಸಬಾರದು. ಒಮ್ಮೆ ಅಮುಕಿದ ಟೇಪು ಮತ್ತೆ ಉಬ್ಬುವುದಿಲ್ಲ, ಅಲ್ಲಿಂದಲೇ ನೀರು ಒಸರುತ್ತದೆ. ಟೈಲ್ಸ್ ಹಾಕಿದ ಗೋಡೆಯಲ್ಲಿ ಎಲ್ಬೊ ಒಳಗೆ ಸರಿದಿದ್ದರೆ ಎಕ್ಸ್‌ಟೆನ್ಷನ್ ನಿಪ್ಪಲ್ ಹಾಕಿ ಉದ್ದ ಮಾಡಿಕೊಳ್ಳಿ.

ಬೇಸಿನ್ ಮತ್ತು ಸಿಂಕಿನ ಮೇಲಿನ ನಲ್ಲಿ

ಇಲ್ಲಿ ಗೋಡೆಯ ಥ್ರೆಡ್‌ಗೆ ಕೈ ಹಾಕಬೇಕಾಗಿಲ್ಲ. ಕೆಳಗಿನ ಆ್ಯಂಗಲ್ ಕಾಕ್ ಮುಚ್ಚಿ, ಕನೆಕ್ಷನ್ ಪೈಪು ಬಿಚ್ಚಿ, ನಲ್ಲಿಯನ್ನು ಹಿಡಿದಿರುವ ದೊಡ್ಡ ನಟ್ ತೆಗೆದರೆ ನಲ್ಲಿ ಮೇಲಕ್ಕೆ ಬರುತ್ತದೆ. ಕಷ್ಟವಿರುವುದು ಕೆಳಗೆ ಕೈ ಆಡದ ಇಕ್ಕಟ್ಟಿನಲ್ಲಿ. ಟಾರ್ಚ್ ಹಿಡಿಯಲು ಒಬ್ಬರು ಜೊತೆಗಿರಲಿ. ಹೊಸ ನಲ್ಲಿಯ ಕೆಳಗಿನ ರಬ್ಬರ್ ಸರಿಯಾಗಿ ಕೂತಿದೆಯೇ ನೋಡಿ ನಟ್ ಬಿಗಿಯಿರಿ. ಕನೆಕ್ಷನ್ ಪೈಪಿನ ನಟ್ಟಿನೊಳಗೆ ವಾಷರ್ ಇರುತ್ತದೆ, ಅಲ್ಲಿ ಟೇಪು ಬೇಡ; ಕೈಬಿಗಿಯ ಮೇಲೆ ಕಾಲು ಸುತ್ತು ಸಾಕು. ಹಳೆಯ ಕನೆಕ್ಷನ್ ಪೈಪಿನ ಹೊರ ಜಾಲಿ ತುಕ್ಕು ಹಿಡಿದಿದ್ದರೆ ಅದನ್ನೂ ಬದಲಿಸಿ.

ಬಿಸಿನೀರಿನ ಕಡೆ

ಗೀಸರ್ ಲೈನಿನ ನಲ್ಲಿ ಮುಟ್ಟುವ ಮುನ್ನ ಎಂಸಿಬಿ ಆಫ್ ಮಾಡಿ, ಗೀಸರಿಗೆ ಬರುವ ತಣ್ಣೀರನ್ನೂ ಮುಚ್ಚಿ, ಒಳಗಿನ ನೀರು ಆರುವವರೆಗೆ ಕಾಯಿರಿ. ಸೌದೆ ಉರಿಸುವ ಬಾಯ್ಲರ್ ಇದ್ದರೆ ಹಿಂದಿನ ರಾತ್ರಿಯಿಂದಲೇ ಉರಿ ಬೇಡ. ನೀರು ಬರುವುದನ್ನು ಮುಚ್ಚಿಟ್ಟು ಬಾಯ್ಲರಿಗೆ ಬೆಂಕಿ ಹಾಕುವುದು, ಆವಿ ಹೋಗುವ ಪೈಪಿಗೆ ನಲ್ಲಿ ಅಥವಾ ಪ್ಲಗ್ ಹಾಕಿ ಮುಚ್ಚುವುದು ಜೀವಕ್ಕೇ ಅಪಾಯ. ಈ ಕಡೆಗೆ ಹಿತ್ತಾಳೆಯ ನಲ್ಲಿಯನ್ನೇ ತನ್ನಿ. ಪೈಪು ಸೇರಿಸಬೇಕಾಗಿ ಬಂದರೆ ಯುಪಿವಿಸಿ ಬೇಡ, ಬಿಸಿನೀರಿಗೆಂದೇ ಇರುವ ಸಿಪಿವಿಸಿ ಕೇಳಿ. ಬಿಸಿ, ತಣ್ಣೀರು ಬೆರೆಸುವ ನಲ್ಲಿಯಲ್ಲಿ ಬಿಸಿನೀರು ಎಡಕ್ಕೆ ಎಂಬುದು ವಾಡಿಕೆ. ಅದನ್ನು ಪಾಲಿಸಿದರೆ ಮಕ್ಕಳು, ನೆಂಟರು ಅರಿಯದೆ ಕೈ ಸುಟ್ಟುಕೊಳ್ಳುವುದಿಲ್ಲ.

ನೀರು ಬಿಟ್ಟ ಮೇಲೆ

ನಲ್ಲಿಯ ಬಾಯಿಯ ಜಾಲರಿ ಬಿಚ್ಚಿಟ್ಟು, ನಲ್ಲಿ ತೆರೆದಿಟ್ಟು, ವಾಲ್ವನ್ನು ನಿಧಾನವಾಗಿ ತೆರೆಯಿರಿ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು. ಕೆಳಮಟ್ಟದ ಟ್ಯಾಂಕಿನ ಲೈನಿನಲ್ಲಿ ಗಾಳಿ ಸಿಕ್ಕಿಕೊಂಡು ನೀರೇ ಬರದಿದ್ದರೆ ಮನೆಯ ಅತ್ಯಂತ ತಗ್ಗಿನ ನಲ್ಲಿಯನ್ನು ಕೆಲ ಹೊತ್ತು ತೆರೆದಿಡಿ. ಒಂದೆರಡು ನಿಮಿಷ ಹರಿಸಿ ಜಾಲರಿ ಹಾಕಿ. ಗೋಡೆಯ ಬುಡಕ್ಕೆ ಒಣ ಕಾಗದ ಒತ್ತಿ ನೋಡಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಕಾಗದ ಒದ್ದೆಯಾದರೆ ಇನ್ನಷ್ಟು ಬಿಗಿಯಲು ಹೋಗದೆ ಬಿಚ್ಚಿ ಹೊಸ ಟೇಪು ಸುತ್ತಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ.

ಥ್ರೆಡ್ ಮುರಿದು ಗೋಡೆಯೊಳಗೆ ಉಳಿದರೆ, ಗೋಡೆ ಒಳಗಿಂದ ತೇವವಾದರೆ, ಬಿಸಿ–ತಣ್ಣೀರಿನ ವಾಲ್ ಮಿಕ್ಸರ್ ಬದಲಿಸಬೇಕಾದರೆ ಪ್ಲಂಬರನ್ನೇ ಕರೆಯಿರಿ. ಅವರ ಕೈಚಳಕ ಬೇಕಾಗುವುದು ಅಂಥ ಕೆಲಸಕ್ಕೆ.

ಉಳಿದದ್ದಕ್ಕೆ ಮನೆಯವರೇ ಸಾಕು, ಅದರಲ್ಲೂ ದಿನವಿಡೀ ಆ ನಲ್ಲಿಯನ್ನು ಬಳಸುವವರು. ಯಾವ ವಾಲ್ವ್ ಯಾವ ಲೈನಿನದು ಎಂದು ಬಣ್ಣದಲ್ಲಿ ಬರೆದಿಡಿ, ಮನೆಯ ಹೆಂಗಸರು, ಹದಿಹರೆಯದ ಮಕ್ಕಳು, ತೋಟದ ಕಾರ್ಮಿಕರ ಲೈನ್ ಮನೆಗಳವರು ಎಲ್ಲರಿಗೂ ತೋರಿಸಿಕೊಡಿ, ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆದು ತುಕ್ಕು ಹಿಡಿಯದಂತೆ ನೋಡಿಕೊಳ್ಳಿ. ಹತ್ತು ಮನೆಗೆ ಒಂದೇ ನಲ್ಲಿ ಇರುವ ತೋಟಗಳಲ್ಲಿ ಮಾಲೀಕರು ಒಂದು ಡಬ್ಬದಲ್ಲಿ ವಾಷರ್, ಟೇಪು, ಪ್ಲಗ್, ಸ್ಪ್ಯಾನರ್ ಇಟ್ಟು ಅಲ್ಲಿಯವರಿಗೇ ಕೊಡಲಿ. ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲೇ, ಮನೆಯ ಎಲ್ಲ ನಲ್ಲಿಗಳ ಕೆಳಗೂ ಒಮ್ಮೆ ಪಾತ್ರೆ ಇಟ್ಟು ನೋಡಿ. ಕರೆಂಟಿಲ್ಲದ ದಿನಗಳಿಗೆ ನೀರು ಉಳಿಸಿಕೊಳ್ಳಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.